ಹೆಸರು ಕೇಳುವ ಪರದೆ

ಆ ಆರು ದಿನಗಳ ಬಗ್ಗೆ ನನ್ನ ಹತ್ತಿರ ಎರಡು ಬರಹಗಳಿವೆ. ಎರಡನ್ನೂ ನಾನು ಪೂರ್ತಿ ನಂಬುವುದಿಲ್ಲ. ಒಂದು ಕೆಲಸದ ನೋಟ್‌ಬುಕ್. ಅದರಲ್ಲಿ ಕಂಪ್ಯೂಟರಿಗೆ ಕೊಟ್ಟ ಆಜ್ಞೆಗಳು ಸಾಲಾಗಿ ಇವೆ, ಯಾರು ಏನೆಂದರು ಎಂಬುದಿಲ್ಲ. ಇನ್ನೊಂದು ದಿನಚರಿ. ಅದರಲ್ಲಿ ಮಾತುಗಳಿವೆ, ಆದರೆ ಶನಿವಾರದ ಪುಟವನ್ನು ಬರೆದದ್ದು ಮಂಗಳವಾರ. ನಡುವೆ ಮನಸ್ಸು ಏನನ್ನು ಸೇರಿಸಿತೋ, ಏನನ್ನು ತೆಗೆದುಹಾಕಿತೋ ಹೇಳಲಾರೆ. ನಾಲ್ಕನೇ ರಿಯಾಕ್ಟರಿನ ಉಷ್ಣತೆ ಒಂಬತ್ತು ಡಿಗ್ರಿ ಮುಟ್ಟಿತ್ತು ಎಂದು ನನ್ನ ನೆನಪು. ಎಂಟೇ ಇತ್ತು ಎಂದು ಅಲ್ಲಿದ್ದ ಇನ್ನೊಬ್ಬರು ಹೇಳುತ್ತಾರೆ. ಕಂಪ್ಯೂಟರಿನ ದಾಖಲೆಯಲ್ಲಿ ಆ ಆರು ನಿಮಿಷಗಳೇ ಇಲ್ಲ. ಹೀಗಾಗಿ ಇಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಹೆದರಿಕೆಯ ಬಗ್ಗೆ ಮಾತ್ರ ನನಗೆ ಅನುಮಾನವಿಲ್ಲ. ಈಗಲೂ ಪಾಸ್‌ವರ್ಡ್ ಹೊಡೆದ ಮೇಲೆ ಪರದೆ ಅರೆಕ್ಷಣ ಕಪ್ಪಾದರೆ ನನ್ನ ಬೆರಳ ತುದಿಗಳು ತಣ್ಣಗಾಗುತ್ತವೆ.

ಹುಮನಾಬಾದಿನ ಕೈಗಾರಿಕಾ ಪ್ರದೇಶದಲ್ಲಿ ಔಷಧಿಗೆ ಬೇಕಾದ ಪುಡಿ ತಯಾರಿಸುವ ಒಂದು ಘಟಕದ ಕಂಪ್ಯೂಟರುಗಳನ್ನು ನಾನು ನೋಡಿಕೊಳ್ಳುತ್ತೇನೆ. ಅಲ್ಲಿ ಆರು ರಿಯಾಕ್ಟರುಗಳಿವೆ: ಮುಚ್ಚಳವಿರುವ ದೊಡ್ಡ ಉಕ್ಕಿನ ಪಾತ್ರೆಗಳು. ಕೆಲಸ ಮಾಡುವವರು ಅವನ್ನು ಹಂಡೆ ಎನ್ನುತ್ತಾರೆ. ಅವುಗಳ ಉಷ್ಣತೆ ಗಾಜಿನ ಗೋಡೆಯ ಒಂದು ಕೋಣೆಯಲ್ಲಿರುವ ಕಂಪ್ಯೂಟರಿಗೆ ಬಂದು ಪರದೆಯ ಮೇಲೆ ಕಾಣುತ್ತದೆ. ಆ ಕೋಣೆಯನ್ನೂ ಕಂಪ್ಯೂಟರನ್ನೂ ಸೇರಿಸಿ ಪ್ಯಾನೆಲ್ ಎಂದು ಕರೆಯುತ್ತಾರೆ. ಕಂಪ್ಯೂಟರಿನಲ್ಲಿದ್ದದ್ದು ಲಿನಕ್ಸ್. ಶುರುವಾದಾಗ ಕಪ್ಪು ಪರದೆ, ಬಿಳಿ ಅಕ್ಷರ. ಹೆಸರು ಮತ್ತು ಪಾಸ್‌ವರ್ಡ್ ಟೈಪ್ ಮಾಡಿ, ಒಂದು ಆಜ್ಞೆ ಕೊಟ್ಟರೆ ಉಷ್ಣತೆಯ ಚಿತ್ರ ತೆರೆದುಕೊಳ್ಳುತ್ತಿತ್ತು. ಎಲ್ಲರಿಗೂ ಒಂದೇ ಹೆಸರು, 'ಶಿಫ್ಟ್'. ಪಾಸ್‌ವರ್ಡ್ ಕೀಬೋರ್ಡಿನ ಅಡಿಯ ಚೀಟಿಯಲ್ಲಿತ್ತು. ಯಾರೂ ಯಾವತ್ತೂ ಲಾಗೌಟ್ ಆಗುತ್ತಿರಲಿಲ್ಲ.

ಪ್ಯಾನೆಲಿನ ಕುರ್ಚಿ ಖಾಲಿ ಇರಬಾರದು ಎಂಬುದು ಅಲ್ಲಿಯ ರೂಢಿ. ಮುಂದಿನ ಪಾಳಿಯವರು ಬಂದು ಕುರ್ಚಿಯ ಬೆನ್ನಿಗೆ ಕೈ ಇಡುವವರೆಗೆ ಕೂತವರು ಏಳುವುದಿಲ್ಲ. ನಡುವೆ ಏಳಲೇಬೇಕಾದರೆ ಹೆಗಲ ಮೇಲಿನ ಬಿಳಿ ಟವೆಲನ್ನು ಕುರ್ಚಿಯ ಮೇಲೆ ಹಾಸಿ ಹೋಗುತ್ತಾರೆ. ಟವೆಲು ಇದ್ದರೆ ಮನುಷ್ಯ ಇದ್ದಂತೆ. ನಮ್ಮ ಕಡೆ ಬಸ್ಸಿನ ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದರೆ ಬೇರೆಯವರು ಕೂರುವುದಿಲ್ಲವಲ್ಲ, ಹಾಗೆ.

ಆ ಕುರ್ಚಿಯಲ್ಲಿ ಕೂರುವವರಲ್ಲಿ ಒಬ್ಬರು ನನ್ನ ಕಾಕಾ, ಅಪ್ಪನ ತಮ್ಮ. ಅವರ ಮನೆ ಕೊಹಿನೂರ ಎಂಬ ಊರಿನಲ್ಲಿ. ನಾನು ಅವ್ವನ ಜೊತೆ ಬಸವಕಲ್ಯಾಣದಲ್ಲಿದ್ದೇನೆ. ನನ್ನನ್ನು ಕಲಬುರಗಿಗೆ ಓದಲು ಕಳಿಸಬೇಕೆಂದು ಮನೆಯಲ್ಲಿ ಹಟ ಹಿಡಿದವರು ಅವರು. ಈ ಕೆಲಸಕ್ಕೆ ನನ್ನ ಹೆಸರು ಹೇಳಿದವರೂ ಅವರೇ.

ನಾನು ಸೇರುವ ಮೊದಲು, ಒಂದು ಮಧ್ಯಾಹ್ನ, ನಾಲ್ಕನೇ ಹಂಡೆಯ ಉಷ್ಣತೆ ಏರಿ ಮುಚ್ಚಳದ ಅಂಚಿನಿಂದ ಬಿಸಿ ದ್ರಾವಣ ಸಿಡಿದಿತ್ತು. ನಿರ್ಣಾ ಊರಿನ ಒಬ್ಬ ಕಾರ್ಮಿಕನ ಬಲಗೈ ಮೊಣಕೈವರೆಗೆ ಸುಟ್ಟಿತು. ಈಗ ಅವನು ಗೇಟಿನಲ್ಲಿ ಕೂತು ಎಡಗೈಯಿಂದ ರಿಜಿಸ್ಟರ್ ಬರೆಯುತ್ತಾನೆ. ಆಗೆಲ್ಲ ಉಷ್ಣತೆ ತಾನಾಗಿ ದಾಖಲಾಗುತ್ತಿರಲಿಲ್ಲ. ಕುರ್ಚಿಯಲ್ಲಿದ್ದವರು ಅರ್ಧ ಗಂಟೆಗೊಮ್ಮೆ ನೋಡಿ ಟೈಪ್ ಮಾಡಿದ್ದೇ ದಾಖಲೆ. ಆ ದಿನದ ದಾಖಲೆಯಲ್ಲಿ ಮೂರು ಗಂಟೆಯವರೆಗೆ ಎಲ್ಲ ಸರಿ ಇತ್ತು. ಏಕಾಏಕಿ ಏರಿತು, ಯಾರ ತಪ್ಪೂ ಇಲ್ಲ ಎಂದು ವಿಚಾರಣೆ ಮುಗಿಯಿತು. ಅದರ ನಂತರ ಸೈರನ್ ಹಾಕಿದರು, ಉಷ್ಣತೆ ತಾನಾಗಿ ದಾಖಲಾಗುವಂತೆ ಮಾಡಿದರು. ಆದರೆ ಯಾರು ಕೂತಿದ್ದಾರೆ ಎಂದು ಕಂಪ್ಯೂಟರಿಗೆ ಗೊತ್ತಾಗುವ ದಾರಿ ಇರಲಿಲ್ಲ. ಅದಕ್ಕೆ ಎಲ್ಲರೂ 'ಶಿಫ್ಟ್'.

ಬುಧವಾರ ಕ್ವಾಲಿಟಿ ವಿಭಾಗದ ಮೇಡಂ ಕರೆದರು. "ಸೋಮವಾರ ಗಿರಾಕಿ ಕಂಪನಿಯ ತಪಾಸಣೆಯವರು ಬರ್ತಾರೆ. ಪ್ಯಾನೆಲ್‌ನಾಗ ಆ ಕಪ್ಪು ಪರದೆ ಇರಬಾರದು. ಹೆಸರುಗಳು ಕಾಣಬೇಕು, ತಮ್ಮ ಹೆಸರು ಒತ್ತಿ ತಮ್ಮ ಪಾಸ್‌ವರ್ಡ್ ಹಾಕಿ ಒಳಗ ಹೋಗಬೇಕು. ಪಾಳಿ ಬದಲಾದ್ರ ಹೆಸರೂ ಬದಲಾಗಬೇಕು."

"ಮೇಡಂ, ಇನ್ನೊಂದು ವಾರ ಸಿಕ್ಕಿದ್ರೆ ಚೆನ್ನಾಗಿತ್ತು."

"ಎಲ್ಲರ ಮನಿ ಲ್ಯಾಪ್‌ಟಾಪಿನಾಗೂ ಇರ್ತದಲ್ಲಮ್ಮ ಅದು" ಎಂದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. ನಿಜವಾಗಿ ಹಾಗೇ ಅಂದುಕೊಂಡಿದ್ದರು.

ಕೆಲಸ ಹೇಳುವಾಗ ಸರಳ. ಡಿಸ್ಪ್ಲೇ ಮ್ಯಾನೇಜರ್ ಎಂಬ ಒಂದು ಪ್ರೋಗ್ರಾಮು ಹಾಕಬೇಕು. ಕಂಪ್ಯೂಟರ್ ಶುರುವಾದಾಗ ಅದು ಪರದೆಯನ್ನು ತನ್ನ ವಶಕ್ಕೆ ತೆಗೆದುಕೊಂಡು, ಹೆಸರು ಕೇಳಿ, ಪಾಸ್‌ವರ್ಡ್ ಪರೀಕ್ಷಿಸಿ, ಸರಿಯಾದವರನ್ನು ಒಳಗೆ ಬಿಡುತ್ತದೆ. ಬಾಗಿಲ ಕಾವಲುಗಾರನ ಕೆಲಸ. ಆದರೆ ಕಾವಲುಗಾರ ಎಡವಿ ಬಿದ್ದರೆ ಬಾಗಿಲು ತೆರೆದೇನೂ ಇರುವುದಿಲ್ಲ, ಮುಚ್ಚಿಕೊಂಡುಬಿಡುತ್ತದೆ. ಆ ಬಾಗಿಲ ಹಿಂದೆ ಆರು ಹಂಡೆಗಳಿದ್ದವು. ಬುಧವಾರ ಸಂಜೆ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಮರಳುವಾಗ ನನ್ನ ತಲೆಯಲ್ಲಿದ್ದದ್ದು ಇಷ್ಟೇ: ಸೋಮವಾರದ ಹೊತ್ತಿಗೆ ಆ ಕುರ್ಚಿಯಲ್ಲಿ ಕಾಕಾ ಕೂತಿರುತ್ತಾರೆ, ಅವರಿಗೂ ಹಂಡೆಗೂ ನಡುವೆ ನಾನು ಇಟ್ಟ ಒಂದು ಬಾಗಿಲಿರುತ್ತದೆ.

ಗುರುವಾರ ನನ್ನ ಮೇಜಿನ ಮೇಲಿದ್ದ ಇನ್ನೊಂದು ಕಂಪ್ಯೂಟರಿನಲ್ಲಿ ಪ್ಯಾನೆಲಿನ ವ್ಯವಸ್ಥೆಯ ಪ್ರತಿ ಮಾಡಿಕೊಂಡೆ. ಹಳೆಯ ದಾಖಲೆಗಳು ಬಹಳ ಇದ್ದುದರಿಂದ ಅವನ್ನು ಬಿಟ್ಟು ಉಳಿದದ್ದನ್ನಷ್ಟೇ ತಂದೆ. ಇದನ್ನು ನೋಟ್‌ಬುಕ್ಕಿನಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೇನೆ, ಅಡಿಗೆರೆ ಕೂಡ ಎಳೆದಿಲ್ಲ.

ಹೆಸರುಗಳ ಪಟ್ಟಿ ತೋರಿಸುವ ಡಿಸ್ಪ್ಲೇ ಮ್ಯಾನೇಜರನ್ನು ಹಾಕಿ, ಕಂಪ್ಯೂಟರನ್ನು ಮತ್ತೆ ಶುರುಮಾಡಿದೆ. ಪರದೆ ಕಪ್ಪು. ಅಕ್ಷರವೂ ಇಲ್ಲ, ಮಿನುಗುವ ಗೆರೆಯೂ ಇಲ್ಲ. ಕಂಟ್ರೋಲ್, ಆಲ್ಟ್, ಎಫ್‌ಟೂ ಮೂರನ್ನೂ ಒಟ್ಟಿಗೆ ಒತ್ತಿದರೆ ಹಿಂದಿನ ಕಪ್ಪು-ಬಿಳಿ ಪರದೆ ಎರಡನೇ ಬಾಗಿಲಿನಂತೆ ತೆರೆಯುತ್ತದೆ. ಅಲ್ಲಿಂದ ಒಳಗೆ ಹೋಗಿ ನೋಡಿದೆ. ಚಿತ್ರ ಮೂಡಿಸುವ ಡ್ರೈವರ್ ಎಂಬ ಪ್ರೋಗ್ರಾಮು ಸರಿಯಿರಲಿಲ್ಲ. ಬದಲಿಸಿದೆ. ಹೆಸರುಗಳು ಬಂದವು. ನನ್ನ ಹೆಸರು ಒತ್ತಿ ಪಾಸ್‌ವರ್ಡ್ ಹಾಕಿದೆ. ಪರದೆ ಅರೆಕ್ಷಣ ಕಪ್ಪಾಗಿ ಮತ್ತೆ ಹೆಸರುಗಳೇ ಬಂದವು. ತಪ್ಪು ಎಂದು ಹೇಳಲಿಲ್ಲ. ಸರಿ ಎಂದು ಒಳಗೆ ಕರೆದುಕೊಂಡು, ತಕ್ಷಣ ಹೊರಗೆ ದಬ್ಬುತ್ತಿತ್ತು. ಒಳಗೆ ಹೋದ ಕೂಡಲೇ ಏನು ತೆರೆಯಬೇಕು ಎಂದು ಹೇಳುವ ಒಂದು ಸಣ್ಣ ಕಡತ ಪ್ರತಿಯೊಬ್ಬರಿಗೂ ಇರುತ್ತದೆ. ಅದನ್ನು ಬರೆದಿದ್ದೆ, ಅದಕ್ಕೆ ಓಡುವ ಅನುಮತಿ ಕೊಟ್ಟಿರಲಿಲ್ಲ. ಕೊಟ್ಟ ಮೇಲೆ ಒಳಗೆ ಬಿಟ್ಟಿತು. ಊಟ ಮಾಡದೆ ಸಂಜೆಯಾಗಿತ್ತು. ಆ ಅರೆಕ್ಷಣದ ಕಪ್ಪನ್ನು ಅವತ್ತೇ ಇನ್ನೂ ಗಮನವಿಟ್ಟು ನೋಡಬೇಕಿತ್ತು ಎಂದು ಈಗ ಅನ್ನಿಸುತ್ತದೆ.

ಶುಕ್ರವಾರ ಕಾಕಾ ಮತ್ತು ಚಾಚಾ ನನ್ನ ಮೇಜಿಗೆ ಬಂದು ಪ್ರಯತ್ನ ಮಾಡಿದರು. ಚಾಚಾ ಎಂದರೆ ಕಾಕಾ ಅವರಿಗಿಂತ ಮೊದಲಿನ, ಬೆಳಗಿನ ಪಾಳಿಯವರು. ಹುಮನಾಬಾದಿನವರೇ, ಕೆಲಸದಲ್ಲಿ ಕಾಕಾನಿಗಿಂತ ಹಿರಿಯರು. ಇಡೀ ಘಟಕಕ್ಕೇ ಚಾಚಾ.

"ನನ್ನ ಫೋಟೋನೂ ಬರ್ತದೇನು ಬೇಟಿ ಇದರಾಗ? ಹಂಗಾದ್ರ ನಾಳಿ ಗಡ್ಡಕ್ಕ ಮೆಹಂದಿ ಹಚ್ಕೊಂಡು ಬರ್ತೀನಿ" ಎಂದರು ಚಾಚಾ.

"ನಿನ್ನ ಮಾರಿ ತೋರಿಸಿದ್ರ ಬ್ರೈನೇ ಬ್ಯಾಡ, ಹಂಡೆ ತಾನೇ ತಣ್ಣಗಾಗತದ" ಎಂದರು ಕಾಕಾ. ಬ್ರೈನ್ ಎಂದರೆ ಹಂಡೆಯ ಹೊರಗೋಡೆಯಲ್ಲಿ ಹರಿಯುವ, ಕೊರೆಯುವಷ್ಟು ತಣ್ಣನೆಯ ಉಪ್ಪುನೀರು.

ಚಾಚಾ ಎರಡು ಬೆರಳಲ್ಲಿ ಹುಡುಕಿ ಹುಡುಕಿ ಪಾಸ್‌ವರ್ಡ್ ಒತ್ತಿದರು, ಒಳಗೆ ಹೋದರು. ಕಾಕಾ ಕೂತರು. ಅವರ ಪಾಸ್‌ವರ್ಡ್ ಬರೀ ಅಂಕಿಗಳು. ಬಲಗೈಯನ್ನು ಕೀಬೋರ್ಡಿನ ಬಲತುದಿಯ ಅಂಕಿಗಳ ಮೇಲೆ ಇಟ್ಟು, ಕೀಬೋರ್ಡ್ ನೋಡದೆ ಹೊಡೆದರು. ತಪ್ಪು ಎಂದಿತು. ಮತ್ತೆ ಹೊಡೆದರು, ತಪ್ಪು. ಮೂರನೇ ಸಲಕ್ಕೆ ಹತ್ತು ನಿಮಿಷ ಬೀಗ ಬಿತ್ತು.

"ನಂದು ತಪ್ಪಿಲ್ಲ ತಂಗಿ" ಎಂದರು. ಮನೆಯ ಹುಡುಗಿಯರನ್ನು ಅವರು ಕರೆಯುವುದೇ ಹಾಗೆ. "ಈ ಬೆರಳು ತಪ್ಪಂಗಿಲ್ಲ. ಇಷ್ಟು ವರ್ಷ ಕಣ್ಣು ಹಂಡೆ ಮ್ಯಾಲ, ಕೈ ಇದರ ಮ್ಯಾಲ."

ತಪ್ಪು ಅವರದಾಗಿರಲಿಲ್ಲ. ಹಳೆಯ ಕಪ್ಪು ಪರದೆ ಶುರುವಾಗುವಾಗಲೇ ನಮ್‌ಲಾಕ್ ಎಂಬ ಕೀಲಿಯ ದೀಪ ಹಚ್ಚುವ ಒಂದು ಸಾಲನ್ನು ಹಿಂದೆ ಯಾರೋ ಬರೆದಿಟ್ಟಿದ್ದರು. ಹೊಸ ಪರದೆ ಆ ದೀಪವನ್ನು ಆರಿಸಿಬಿಡುತ್ತಿತ್ತು. ದೀಪ ಆರಿದರೆ ಬಲತುದಿಯ ಅಂಕಿಗಳು ಅಂಕಿಗಳಲ್ಲ, ಬಾಣಗಳು. ಕಾಕಾ ತಮ್ಮ ಪಾಸ್‌ವರ್ಡನ್ನು ಸರಿಯಾಗಿಯೇ ಹೊಡೆಯುತ್ತಿದ್ದರು, ಯಂತ್ರಕ್ಕೆ ಮಾತ್ರ ಅದು ಮೇಲೆ, ಕೆಳಗೆ, ಪಕ್ಕಕ್ಕೆ ಎಂದು ಕೇಳಿಸುತ್ತಿತ್ತು. ಉಳಿದ ಪಾಳಿಯವರೂ ಎಲ್ಲ ಹೀಗೇ ಹೊಡೆಯುವವರು, ಚಾಚಾ ಒಬ್ಬರನ್ನು ಬಿಟ್ಟು.

ಚಾಚಾ ನಗುತ್ತಿದ್ದರು. "ಹಂಡೆ ಕುದಿಯಾಕತ್ತದ, ಇದು ಬಾಗಲದಾಗ ಅಡ್ಡ ನಿಂತು ನಿನ್ನ ಹೆಸರೇನು, ನಿಮ್ಮಪ್ಪನ ಹೆಸರೇನು ಅಂತ ಕೇಳಾಕತ್ತದ. ಬಾಳ ಶರೀಫ್ ಅದ, ಮರ್ಯಾದಸ್ತ."

ನನಗೆ ನಗು ಬರಲಿಲ್ಲ. ಲಾಗಿನ್ ಪರದೆ ಬರುವ ಮೊದಲೇ ನಮ್‌ಲಾಕ್ ಹಚ್ಚುವ ಒಂದು ಸಾಲು ಸೇರಿಸಿದೆ. ಮೂರು ತಪ್ಪಿಗೆ ಹತ್ತು ನಿಮಿಷದ ಬೀಗ ಎಂಬ ನಿಯಮವನ್ನು ತೆಗೆದುಹಾಕಿದೆ. ಕಾಕಾ ಮತ್ತೆ ಹೊಡೆದರು, ಹೋಯಿತು. ಹತ್ತು ಸಲ ಹೊಡೆಸಿದೆ. ಹನ್ನೊಂದನೇ ಸಲಕ್ಕೆ ಅವರು, "ಪರೀಕ್ಷೆ ನಂದೋ ನಿಂದೋ?" ಎಂದು ಎದ್ದರು.

ಶನಿವಾರ ಮಧ್ಯಾಹ್ನ ಒಂದಕ್ಕೆ ಪ್ಯಾನೆಲಿನ ಕಂಪ್ಯೂಟರಿಗೇ ಕೈ ಹಾಕಿದೆ. ನಾಲ್ಕನೇ ಹಂಡೆಗೆ ಹನಿ ಬಿಡುವ ಕೆಲಸ ಮೂರು ಗಂಟೆಗೆ ಇತ್ತು. ಮೇಲಿನ ಸಣ್ಣ ತೊಟ್ಟಿಯಿಂದ ದ್ರಾವಣವನ್ನು ಹನಿಹನಿಯಾಗಿ ಹಂಡೆಗೆ ಬಿಡುವ ಹೊತ್ತು ಅದು, ಎಲ್ಲಕ್ಕಿಂತ ಎಚ್ಚರ ಬೇಕಾದದ್ದು. ಹತ್ತು ಡಿಗ್ರಿ ದಾಟಬಾರದು. ಒಂದೂವರೆಗೆಲ್ಲ ನನ್ನ ಕೆಲಸ ಮುಗಿಯಿತು. ಚಾಚಾ ತಮ್ಮ ಹೆಸರು ಒತ್ತಿ ಒಳಗೆ ಹೋದರು, ಆರೂ ಹಂಡೆಗಳು ಪರದೆಯ ಮೇಲೆ ಬಂದವು. ನಾನು ಗೋಡೆಗೆ ಒರಗಿ ನಿಂತೆ.

ಹಂಡೆಯ ಮೇಲಿನ ತೊಟ್ಟಿ ನೋಡುವವರ ಕೆಲಸ ಬೇಗ ಮುಗಿದಿತ್ತು. ಒಂದೂ ಮುಕ್ಕಾಲಿಗೆ ಅವರು ಹನಿ ಬಿಡಲೇ ಎಂದು ಫೋನಿನಲ್ಲಿ ಕೇಳಿದರು. ಪ್ಯಾನೆಲ್ ಕಣ್ಣ ಮುಂದೆ ನಡೆಯುತ್ತಿತ್ತು, ಚಾಚಾ ಬಿಡಿ ಎಂದರು. ನಾನು ಅಲ್ಲೇ ಇದ್ದೆ. ಫೋನಿನ ಮಾತು ನನಗೆ ಕೇಳಿಸಿತೇ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೇಳಿಸಿರಬೇಕು.

ಎರಡಕ್ಕೆ ಕಾಕಾ ಬಂದರು. ಕುರ್ಚಿಯ ಬೆನ್ನಿಗೆ ಕೈ ಇಟ್ಟರು. ಚಾಚಾ ಲಾಗೌಟ್ ಆಗಿ ಎದ್ದರು. ಈ ಬದಲಾವಣೆಗೆ ನಲವತ್ತು ಸೆಕೆಂಡು ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದೆ. ಕಾಕಾ ತಮ್ಮ ಹೆಸರು ಒತ್ತಿ ಪಾಸ್‌ವರ್ಡ್ ಹೊಡೆದರು. ಪರದೆ ಅರೆಕ್ಷಣ ಕಪ್ಪಾಯಿತು. ಮತ್ತೆ ಹೆಸರುಗಳು. ಮತ್ತೆ ಹೊಡೆದರು. ಕಪ್ಪು. ಹೆಸರುಗಳು.

"ತಂಗಿ" ಎಂದರು ನನ್ನ ಕಡೆ ತಿರುಗದೆ, ಗಾಜಿನಾಚೆ ನೋಡುತ್ತ. "ಹನಿ ಬಿಟ್ಟಾರ."

ಆಗ ನನಗೆ ಇನ್ನೊಂದು ಹೊಳೆಯಿತು. ಉಷ್ಣತೆ ತೋರಿಸುವ ಪ್ರೋಗ್ರಾಮೂ, ಅದನ್ನು ದಾಖಲಿಸುವುದೂ, ಸೈರನ್ ಕೂಗಿಸುವುದೂ ಒಳಗೆ ಹೋದವರ ಹೆಸರಿನಲ್ಲೇ ಓಡುತ್ತಿದ್ದವು. ಒಳಗೆ ಯಾರೂ ಇಲ್ಲದಿದ್ದರೆ ಮೂರೂ ಇಲ್ಲ. 'ಶಿಫ್ಟ್' ಯಾವತ್ತೂ ಹೊರಬರುತ್ತಿರಲಿಲ್ಲವಾದ್ದರಿಂದ ಇದು ಯಾರಿಗೂ ಗೊತ್ತಾಗಿರಲಿಲ್ಲ. ನನ್ನ ಪರದೆ ಕಣ್ಣಿನ ಜೊತೆ ಕಿವಿಯನ್ನೂ ಮುಚ್ಚಿತ್ತು.

ಕಾಕಾ ಎದ್ದರು. ಹೆಗಲ ಟವೆಲು ತೆಗೆದು ಕುರ್ಚಿಯ ಮೇಲೆ ಹಾಸಿದರು. ಅಷ್ಟು ಅವಸರದಲ್ಲೂ ಅದನ್ನು ಮರೆಯಲಿಲ್ಲ. ಹೊರಗೋಡಿ ಕಬ್ಬಿಣದ ಮೆಟ್ಟಿಲು ಹತ್ತಿದರು. ಹಂಡೆಯ ಮೇಲೆ ಗಡಿಯಾರದಂಥ ಒಂದು ಮುಳ್ಳಿನ ಮಾಪಕವಿದೆ. ಅದನ್ನು ಹತ್ತಿರ ನಿಂತೇ ಓದಬೇಕು. ನಿರ್ಣಾದವನು ಅವತ್ತು ನಿಂತಿದ್ದದ್ದು ಅಲ್ಲೇ.

ನಾನು ಕೀಬೋರ್ಡಿಗೆ ಬಗ್ಗಿದೆ. ಕುರ್ಚಿಯಲ್ಲಿ ಕೂರಲಿಲ್ಲ. ಟವೆಲನ್ನು ಸರಿಸಿ ಕೂರಬಹುದಿತ್ತು, ಕೂರಲಾಗಲಿಲ್ಲ. ಎರಡನೇ ಬಾಗಿಲನ್ನು ತೆರೆದು ಒಳಗೆ ಹೋದೆ. ಅನುಮತಿ ನೋಡಿದೆ, ಸರಿ ಇತ್ತು. ಡ್ರೈವರ್ ಸರಿ ಇತ್ತು. ಬೆರಳುಗಳು ಒಂದು ಅಕ್ಷರಕ್ಕೆ ಎರಡು ಅಕ್ಷರ ಹೊಡೆಯುತ್ತಿದ್ದವು. ಚಾಚಾ ಬಾಗಿಲಲ್ಲಿ ನಿಂತು ಮೇಲೆ ನೋಡುತ್ತ ಕಾಕಾ ಬೆರಳಲ್ಲಿ ತೋರಿಸಿದ್ದನ್ನು ಹೇಳುತ್ತಿದ್ದರು.

"ಆರು ಅಂತಾನ. ಹನಿ ಬಂದ್ ಮಾಡ್ಯಾನ." ಸ್ವಲ್ಪ ತಡೆದು, "ಏಳು."

ಹನಿ ನಿಲ್ಲಿಸಿದ ಮೇಲೂ ಹಂಡೆ ಸ್ವಲ್ಪ ಹೊತ್ತು ಏರುತ್ತದೆ. ಎಷ್ಟು ಏರುತ್ತದೆ ಎಂದು ಮೊದಲೇ ಹೇಳಲಾಗದು.

"ಇನ್ನೂ ಏಳೇನ್ರಿ ಚಾಚಾ?"

"ನೀ ನಿನ್ನ ಕೆಲಸ ನೋಡು ಬೇಟಿ. ಇಲ್ಲಿ ನಾ ನೋಡಾಕತ್ತೇನಿ."

ಡಿಸ್ಕಿನಲ್ಲಿ ಜಾಗ ಎಷ್ಟಿದೆ ಎಂದು ಕೇಳಿದೆ. ಸೊನ್ನೆ ಎಂದಿತು. ಒಳಗೆ ಹೋಗುವವರಿಗೆ ಯಂತ್ರ ಒಂದು ಸಣ್ಣ ಗುರುತಿನ ಕಡತವನ್ನು ಬರೆದುಕೊಡುತ್ತದೆ. ಬರೆಯಲು ಜಾಗವಿಲ್ಲದಿದ್ದರೆ ಒಳಗೆ ಸೇರಿಸಿದವರನ್ನೇ ಹೊರಗೆ ಬಿಡುತ್ತದೆ. ವರ್ಷಗಳ ಹಳೆಯ ದಾಖಲೆಗಳು ಡಿಸ್ಕನ್ನು ಕಂಠದವರೆಗೆ ತುಂಬಿದ್ದವು; ಅವನ್ನು ನನ್ನ ಮೇಜಿನ ಕಂಪ್ಯೂಟರಿಗೆ ನಾನು ತಂದಿರಲಿಲ್ಲ, ಅದಕ್ಕೇ ಅಲ್ಲಿ ಈ ತೊಂದರೆ ಕಂಡಿರಲಿಲ್ಲ. ಉಳಿದಿದ್ದ ಚೂರು ಜಾಗವನ್ನು ಚಾಚಾ ಕೂತ ಆ ಅರ್ಧ ಗಂಟೆಯಲ್ಲಿ ಪ್ಯಾನೆಲ್ ಪ್ರೋಗ್ರಾಮು ತನ್ನ ಸಣ್ಣಪುಟ್ಟ ದೂರುಗಳ ಗೊಣಗಾಟದ ಸಾಲುಗಳನ್ನು ಒಂದರ ಮೇಲೊಂದು ಬರೆದು ಮುಗಿಸಿತ್ತು. ಆ ಗೊಣಗಾಟದ ಕಡತವನ್ನು ಅಳಿಸಿದೆ.

"ಚಾಚಾ, ನೀವೇ ಬನ್ನಿ, ನಿಮ್ಮ ಪಾಸ್‌ವರ್ಡ್ ಹಾಕಿ."

ಅವರು ಬಂದು, ಎರಡು ಬೆರಳಲ್ಲಿ, ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಅಷ್ಟು ನಿಧಾನದ ಕೆಲಸವನ್ನು ನಾನು ಜೀವನದಲ್ಲಿ ನೋಡಿಲ್ಲ. ಪರದೆ ಕಪ್ಪಾಯಿತು. ಆಮೇಲೆ ಹಂಡೆಗಳು ಬಂದವು. ನಾಲ್ಕನೆಯದು ಎಂಟೋ ಒಂಬತ್ತೋ, ಇಳಿಯುತ್ತಿತ್ತು.

ಆರು ನಿಮಿಷ. ಹೊಸ ಪದ್ಧತಿಯ ಮೊದಲ ದಿನದ ದಾಖಲೆಯಲ್ಲಿ ಕಾಕಾ ಅವರ ಪಾಳಿಯಲ್ಲಿ ಚಾಚಾ ಹೆಸರಿದೆ.

ಕಾಕಾ ಇಳಿದು ಬಂದು, ಟವೆಲು ತೆಗೆದು ಮುಖ ಒರೆಸಿಕೊಂಡು ಕೂತರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೋಡಾಕ ಯಾಕ ಬೇಕು ತಂಗಿ ಹೆಸರು?" ಎಂದರು ಅಷ್ಟೆ. "ಹಂಡೀಗಿ ಹೆಸರ ಮ್ಯಾಲ ಏನ್ ಕೆಲಸ?"

ಸಂಜೆ ನಾಲ್ಕಕ್ಕೆ ಮೇಡಂ ಮುಂದೆ ನಿಂತು ನಡೆದದ್ದನ್ನೆಲ್ಲ ಹೇಳಿದೆ. ಹಳೆಯ ಕಪ್ಪು ಪರದೆಗೆ ವಾಪಸ್ ಹೋಗೋಣ ಎಂದು ಹೇಳಲು ಹೋಗಿದ್ದೆ. ಬಾಯಿ ತೆರೆದಾಗ ಬಂದದ್ದು ಕಾಕಾನ ಮಾತು.

"ಮೇಡಂ, ನೋಡೋದಕ್ಕೆ ಹೆಸರು ಕೇಳೋದು ಬೇಡ. ದಾಖಲೆಯಲ್ಲಿ ಏನಾದ್ರೂ ಬರೆಯೋದಕ್ಕೆ ಮಾತ್ರ ಕೇಳೋಣ. ಲಾಗಿನ್ ಪರದೆ ಮೇಲೇ ಉಷ್ಣತೆ ಕಾಣಲಿ, ಯಾರೂ ಒಳಗೆ ಇಲ್ಲದಿದ್ದರೂ ಸೈರನ್ ಕೂಗಲಿ."

"ಹೆಸರಿಲ್ಲದೆ ಯಾರು ಬೇಕಾದ್ರೂ ನೋಡಬಹುದು?"

"ನೋಡಲಿ."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸೋಮವಾರ ಅವರು ಇದನ್ನ ಕೇಳಿದ್ರ ನಾ ಏನ್ ಹೇಳಲಿ, ಅದನ್ನ ಅರ್ಧ ಪುಟ ಬರಕೊಡು. ಮತ್ತ ಇನ್ನೊಮ್ಮೆ ಹಿಂಗಾದ್ರ, ನಾ ಇರಂಗಿಲ್ಲ, ನೀನೂ ಇರಂಗಿಲ್ಲ."

ಮೊದಲು ಡಿಸ್ಕು ಖಾಲಿ ಮಾಡಬೇಕಿತ್ತು. ಹಳೆಯ ದಾಖಲೆಗಳನ್ನು ಅಳಿಸುವಂತಿಲ್ಲ, ಬೇರೆ ಡಿಸ್ಕಿಗೆ ಸಾಗಿಸಬೇಕು. ಸರಿಯಾಗಿ ಹೋದವೇ ಎಂದು ನೋಡಲು ಒಂದೆರಡು ಕಡತ ತೆರೆದೆ. ಅಚ್ಚಾಗುವ ವರದಿಯಲ್ಲಿ ಪ್ರತಿ ರೀಡಿಂಗಿನ ಮುಂದೆ ಒಂದೇ ಸಮಯ ಇರುತ್ತದೆ, ಕೂತವರು ತಾವೇ ತುಂಬಿದ ಸಮಯ. ಮೂಲ ಕಡತದಲ್ಲಿ ಎರಡು ಇದ್ದವು. ಎರಡನೆಯದು ಯಂತ್ರ ತನ್ನಷ್ಟಕ್ಕೆ ಬರೆದುಕೊಂಡದ್ದು: ಟೈಪ್ ಮಾಡಿದ ನಿಜವಾದ ಹೊತ್ತು. ಅದನ್ನು ಬಹುಶಃ ಯಾರೂ ನೋಡಿರಲಿಲ್ಲ.

ಎರಡೂ ಹೊಂದುತ್ತಿರಲಿಲ್ಲ. ಒಂದು ದಿನವಲ್ಲ, ಎಷ್ಟೋ ದಿನ. ಹನ್ನೊಂದು, ಹನ್ನೊಂದೂವರೆ, ಹನ್ನೆರಡರ ರೀಡಿಂಗುಗಳನ್ನು ಹನ್ನೊಂದಕ್ಕೇ ಒಟ್ಟಿಗೆ ಬರೆದಿಟ್ಟಿದ್ದರು. ಊಟಕ್ಕೆ, ನಮಾಜಿಗೆ, ಬೀಡಿಗೆ ಹೋಗುವ ಮುನ್ನ ಮುಂದಿನದನ್ನು ಬರೆದು, ಟವೆಲು ಹಾಸಿ ಏಳುತ್ತಿದ್ದರು. ಎಲ್ಲ ಪಾಳಿಯವರೂ. ಹಂಡೆಯ ಸ್ವಭಾವ ಬಲ್ಲವರು. ಬರೆದ ಅಂಕಿ ಹೆಚ್ಚುಕಡಿಮೆ ಸರಿಯೇ ಇರುತ್ತಿತ್ತು.

ಅಪಘಾತದ ದಿನದ ಕಡತ ತೆರೆಯಬಾರದು ಎಂದುಕೊಂಡು ತೆರೆದೆ. ಎರಡು ಗಂಟೆ, ಆರು ಡಿಗ್ರಿ. ಎರಡೂವರೆ, ಆರು. ಮೂರು, ಆರು. ಮೂರನ್ನೂ ಟೈಪ್ ಮಾಡಿದ್ದು ಎರಡು ಗಂಟೆ ಐದು ನಿಮಿಷಕ್ಕೆ. ಸಿಡಿದದ್ದು ಮೂರೂ ಕಾಲಿಗೆ. ಆ ಮಧ್ಯಾಹ್ನದ ಪಾಳಿ ಕಾಕಾನದು. ಆದರೆ ಹೆಸರು 'ಶಿಫ್ಟ್'. ಒಬ್ಬರಿಗಾಗಿ ಇನ್ನೊಬ್ಬರು ಬರೆಯುವುದೂ ಅಲ್ಲಿ ಇತ್ತು.

ಭಾನುವಾರ ಹಂಡೆಗಳಿಗೆ ರಜೆ. ಬೆಳಿಗ್ಗೆಯಿಂದ ಕೂತು, ಹೆಸರುಗಳ ಚಂದದ ಪರದೆಯನ್ನು ಕಿತ್ತುಹಾಕಿ, ಹಳೆಯ ಕಾಲದ ಒಂದು ಸಾದಾ ಡಿಸ್ಪ್ಲೇ ಮ್ಯಾನೇಜರನ್ನು ಹಾಕಿದೆ. ನೋಡಲು ಬರೀ ಒಂದು ಬೂದು ಪೆಟ್ಟಿಗೆ, ಹೆಸರನ್ನೂ ಟೈಪ್ ಮಾಡಬೇಕು. ಆದರೆ ಆ ಪೆಟ್ಟಿಗೆ ಮೂಡುವ ಮೊದಲು ಓಡುವ ಒಂದು ಕಡತ ಅದರಲ್ಲಿದೆ. ಅಲ್ಲಿ ಏನು ಬರೆದರೂ ಅದು ಲಾಗಿನ್ ಪರದೆಯ ಮೇಲೆಯೇ ಕಾಣುತ್ತದೆ. ಮೊದಲ ಸಾಲಿನಲ್ಲಿ ನಮ್‌ಲಾಕ್ ಬರೆದೆ, ಎರಡನೆಯದರಲ್ಲಿ ಆರು ಹಂಡೆಗಳ ಉಷ್ಣತೆ, ದೊಡ್ಡ ಅಂಕಿಗಳಲ್ಲಿ. ದಾಖಲೆ ಮತ್ತು ಸೈರನ್‌ಗಳನ್ನು ಯಾರ ಹೆಸರಿಗೂ ಅಂಟಿಸದೆ, ಯಂತ್ರ ಎದ್ದ ಕೂಡಲೇ ತಾವೇ ಏಳುವಂತೆ ಮಾಡಿದೆ. ಆಮೇಲೆ ಮತ್ತೆ ಮತ್ತೆ ಪ್ಲಗ್ ಕಿತ್ತು ಹಾಕಿ ಪರೀಕ್ಷಿಸಿದೆ. ಪ್ರತಿ ಸಲ ಪ್ಲಗ್ ಕೀಳುವಾಗಲೂ ಕಣ್ಣು ಮುಚ್ಚುತ್ತಿದ್ದೆ. ಪ್ರತಿ ಸಲವೂ ಮೊದಲು ಅಂಕಿಗಳು ಬಂದವು, ಹೆಸರು ಕೇಳುವ ಪೆಟ್ಟಿಗೆ ಆಮೇಲೆ ಬಂತು.

ಸೋಮವಾರ ತಪಾಸಣೆಯವರು ಇಬ್ಬರು ಬಂದರು. ಒಬ್ಬರು ಆ ಪರದೆಯ ಮುಂದೆ ಬಹಳ ಹೊತ್ತು ನಿಂತರು. ಮೇಡಂ ನನ್ನ ಅರ್ಧ ಪುಟವನ್ನು ಅವರಿಗೆ ಕೊಟ್ಟರು. ಓದಿ, ತಲೆ ಆಡಿಸಿ, ಏನೋ ಬರೆದುಕೊಂಡರು. ಹಳೆಯ ದಾಖಲೆ ಕೇಳಿದರು. ಅಚ್ಚಾದ ವರದಿಗಳನ್ನು ತೋರಿಸಲಾಯಿತು. ಮೂಲ ಕಡತದ ಡಿಸ್ಕು ನನ್ನ ಚೀಲದಲ್ಲಿತ್ತು. ಅದನ್ನು ನಾನು ಅಳಿಸಿರಲಿಲ್ಲ, ಯಾರಿಗೂ ತೋರಿಸಿಯೂ ಇರಲಿಲ್ಲ. ಕೇಳಿದ್ದರೆ ತೋರಿಸುತ್ತಿದ್ದೆ ಎಂದು ದಿನಚರಿಯಲ್ಲಿದೆ. ಆ ಸಾಲನ್ನೂ ಬರೆದದ್ದು ಮಂಗಳವಾರ.

ಅವರು ಹೋದ ಮೇಲೆ ಚಾಚಾನನ್ನು ಕೇಳಿದೆ, "ಆ ದಿನ ಕುರ್ಚಿ ಮ್ಯಾಲ ಯಾರಿದ್ರು ಚಾಚಾ?"

ಯಾವ ದಿನ ಎಂದು ಅವರು ಕೇಳಲಿಲ್ಲ. "ಟವೆಲ್ ಇತ್ತು."

"ಯಾರದು?"

"ಕಂಪನಿ ಟವೆಲ್ ಎಲ್ಲಾ ಒಂದೇ ಬಿಳಿ ಬೇಟಿ. ಟವೆಲ್ ಮ್ಯಾಲ ಹೆಸರು ಬರೀತಾರೇನು?"

ನನಗೆ ಬೇಡವಾದ ಒಂದು ನೆನಪಿದೆ. ಈ ಕೆಲಸದ ಸಂದರ್ಶನಕ್ಕೆ ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಅಪಘಾತವಾದ ವಾರದಲ್ಲೇ. ಕಾಕಾ ಗೇಟಿನ ಹೊರಗೆ ಬಂದು, ಎದುರಿನ ಚಹಾದ ಅಂಗಡಿಯಲ್ಲಿ ನನ್ನ ಜೊತೆ ಕೂತಿದ್ದರು. ನಾನು ಹೆದರಿದ್ದೆ. ಏನು ಕೇಳಬಹುದು, ಹೇಗೆ ಮಾತಾಡಬೇಕು ಎಂದು ಹೇಳಿಕೊಡುತ್ತ, ನಾನು ಎದ್ದು ಒಳಗೆ ಹೊರಡುವವರೆಗೆ ಕೂತಿದ್ದರು. ಮಧ್ಯಾಹ್ನ ಊಟದ ನಂತರ. ಆ ದಿನ ದಿನಚರಿ ಬರೆದಿಲ್ಲ. ಅವರ ಹೆಗಲ ಮೇಲೆ ಟವೆಲು ಇರಲಿಲ್ಲ ಎಂದು ನನಗೆ ಕಾಣಿಸುತ್ತದೆ. ಟವೆಲಿಲ್ಲದ ಕಾಕಾನನ್ನು ನಾನು ಬೇರೆ ಯಾವತ್ತೂ ನೋಡಿಲ್ಲ. ಆದರೆ ಆ ಖಾಲಿ ಹೆಗಲು ಮೊದಲಿನಿಂದಲೂ ನನ್ನ ನೆನಪಿನಲ್ಲಿತ್ತೇ, ಇಲ್ಲ ಆ ಕಡತ ನೋಡಿದ ಮೇಲೆ ಬಂದು ಸೇರಿಕೊಂಡಿತೇ, ಹೇಳಲಾರೆ.

ನನ್ನ ಸಂದರ್ಶನ ಅಪಘಾತದ ದಿನವೇ ಆಗಿತ್ತೇ ಎಂದು ತಿಳಿಯುವ ದಾರಿ ಒಂದಿದೆ. ಸಂದರ್ಶನಕ್ಕೆ ಬಂದವರ ಹೆಸರು, ತಾರೀಖು, ಹೊತ್ತು ಗೇಟಿನ ರಿಜಿಸ್ಟರಿನಲ್ಲಿರುತ್ತವೆ. ನನ್ನ ಕೈಯಿಂದಲೇ ಬರೆದಿರುತ್ತೇನೆ. ಹಳೆಯ ರಿಜಿಸ್ಟರುಗಳು ಗೇಟಿನ ಕಪಾಟಿನಲ್ಲೇ ಇವೆ. ಕೇಳಿದರೆ ತೆಗೆದುಕೊಡಬೇಕಾದವನು ನಿರ್ಣಾದವನು, ಎಡಗೈಯಿಂದ. ದಿನಾ ಬೆಳಿಗ್ಗೆ ಅವನ ಮುಂದೆ ಸಹಿ ಮಾಡಿ ಒಳಗೆ ಹೋಗುತ್ತೇನೆ. ಇನ್ನೂ ಕೇಳಿಲ್ಲ.

ಆ ವಾರದ ಕೊನೆಯಲ್ಲಿ ಕಾಕಾ ಹುಮನಾಬಾದ್ ಬಸ್ ನಿಲ್ದಾಣದವರೆಗೆ ನನ್ನ ಜೊತೆ ಬಂದರು. ಬಸವಕಲ್ಯಾಣದ ಬಸ್ಸು ತಿರುಗಿ ನಿಲ್ಲುವ ಮೊದಲೇ ಜನ ಬಾಗಿಲಿಗೆ ಮುತ್ತಿದರು. ಕಾಕಾ ಕಿಟಕಿಯ ಕೆಳಗೆ ಓಡಿ, ಹೆಗಲ ಟವೆಲು ತೆಗೆದು ಒಳಗೆ ಎಸೆದರು. "ಮೂರನೇ ಕಿಡಕಿ. ಹೋಗಿ ಕೂಡು, ಯಾರೂ ಏನೂ ಅನ್ನಂಗಿಲ್ಲ."

ನಾನು ಹತ್ತಿ, ಟವೆಲು ಎತ್ತಿ ಮಡಿಲಲ್ಲಿಟ್ಟುಕೊಂಡು ಕೂತೆ. ಅವರು ಕಿಟಕಿಯ ಹೊರಗೆ ನಿಂತಿದ್ದರು, ಖಾಲಿ ಹೆಗಲಲ್ಲಿ. ಅದನ್ನು ನೋಡಿದ ಮೇಲೆ ಸುಮ್ಮನಿರಲಾಗಲಿಲ್ಲ. ಕೇಳಿದೆ. ಅವರು ನನ್ನನ್ನೇ ನೋಡುತ್ತ ನಿಂತರು, ಬಸ್ಸು ಹೊರಟಿತು. ಟವೆಲು ಒಗೆದು ಮಡಚಿ ಇಟ್ಟಿದ್ದೇನೆ. ದಿನಾ ಭೇಟಿಯಾಗುತ್ತೇವೆ, ಚಹಾ ಕುಡಿಯುತ್ತೇವೆ. ಅವರು ಟವೆಲು ಕೇಳಿಲ್ಲ, ನಾನು ಕೊಟ್ಟಿಲ್ಲ. ಅವತ್ತು ಕಿಟಕಿಯಿಂದ ನಾನು ಕೇಳಿದ್ದು ಇಷ್ಟೇ:

"ಕಾಕಾ, ನನ್ನ ಇಂಟರ್‌ವ್ಯೂ ದಿನ ನಿಮ್ಮ ಟವೆಲ್ ಎಲ್ಲಿತ್ತು?"